ಸುವರ್ಣ ವಿಧಾನಸೌಧದಲ್ಲಿ ಹಿರಿಯ ಅಧಿಕಾರಿಗಳಿಗೆ ತರಗತಿ ನಡೆಯಲಿ

ಮಾನ್ಯ ಸಂಪಾದಕರೇ,

ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನ ಮುಗಿದ ಮೇಲೆ ಉಳಿದ ದಿನಗಳಲ್ಲಿ ಈ ಕಟ್ಟಡಕ್ಕೆ ಕೆಲಸವೇನು ಎಂಬ ಪ್ರಶ್ನೆ ಅಂದಿನಿಂದಲೂ ಎದ್ದೇಳುತ್ತಲೇ ಇದೆ. ರಾಜ್ಯಮಟ್ಟದ ಕಚೇರಿಗಳು ಇಲ್ಲಿಗೆ ಬರಬೇಕೆಂಬ ಬೇಡಿಕೆ ನ್ಯಾಯವಾದದ್ದು, ಅದನ್ನು ಬಿಡುವ ಮಾತಿಲ್ಲ. ಅದರ ಜೊತೆಗೆ ನಾವು ಕೇಳುವುದು ಇಷ್ಟು: ಹತ್ತು ಹದಿನೈದು ವರ್ಷ ಸೇವೆ ಮುಗಿಸಿದ ಹಿರಿಯ ಆಡಳಿತಾಧಿಕಾರಿಗಳನ್ನೂ ವಿದೇಶಾಂಗ ಸೇವೆಯವರನ್ನೂ ಒಂದೇ ತಂಡವಾಗಿ ಕೂಡಿಸಿ, ವರ್ಷಕ್ಕೆ ಎರಡು ಸಲ, ನಾಲ್ಕು ವಾರಗಳ ತರಬೇತಿಯನ್ನು ಇಲ್ಲಿ ನಡೆಸಿ. ಪಾಠಕ್ಕೆ ಬೇಕಾದ ಸಾಮಗ್ರಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಡತಗಳಲ್ಲಿ, ಹೊಳೆದಂಡೆಯಲ್ಲಿ, ದ್ರಾಕ್ಷಿ ತೋಟಗಳಲ್ಲಿ ಬೇಕಾದಷ್ಟಿದೆ.

ಈಗ ತರಬೇತಿಯೇ ಇಲ್ಲವೆಂದು ಯಾರೂ ಹೇಳಲಾರರು. ಐ.ಎ.ಎಸ್. ಅಧಿಕಾರಿಗಳಿಗೆ ಮಸ್ಸೂರಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಅಕಾಡೆಮಿಯಲ್ಲಿ 2007ರಿಂದ ಮಿಡ್ ಕೆರಿಯರ್, ಅಂದರೆ ಸೇವೆಯ ನಡುವಿನ, ತರಬೇತಿ ನಡೆಯುತ್ತಿದೆ. ಮೂರನೆಯ ಹಂತ 7ರಿಂದ 9 ವರ್ಷ ಸೇವೆಯವರಿಗೆ, ನಾಲ್ಕನೆಯದು 14ರಿಂದ 16 ವರ್ಷದವರಿಗೆ, ಐದನೆಯದು 26ರಿಂದ 28 ವರ್ಷದವರಿಗೆ. ಸೇವೆಯ 12, 20 ಮತ್ತು 28ನೇ ವರ್ಷದಲ್ಲಿ ಇಂಥ ತರಬೇತಿ ಬೇಕೆಂದು ಯುಗಂಧರ್ ಸಮಿತಿ 2003ರಲ್ಲೇ ಹೇಳಿತ್ತು. ದೆಹಲಿಯ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆಯ ಹತ್ತು ತಿಂಗಳ ಕೋರ್ಸು 1975ರದು. ರಾಷ್ಟ್ರೀಯ ರಕ್ಷಣಾ ಕಾಲೇಜಿನ ಕೋರ್ಸು 47 ವಾರಗಳದ್ದು. ರಾಜತಾಂತ್ರಿಕರಿಗೆ 1986ರಲ್ಲಿ ಆರಂಭವಾಗಿ 2020ರಲ್ಲಿ ಸುಷ್ಮಾ ಸ್ವರಾಜ್ ಅವರ ಹೆಸರು ಪಡೆದ ವಿದೇಶಾಂಗ ಸೇವಾ ಸಂಸ್ಥೆ ಇದೆ. ನಮ್ಮ ರಾಜ್ಯದ ಆಡಳಿತ ತರಬೇತಿ ಸಂಸ್ಥೆ ಮೈಸೂರಿನಲ್ಲಿದೆ, ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯೂ ಮೈಸೂರಿನಲ್ಲೇ ಇದೆ. ಈ ಭಾಗಕ್ಕೆ ಹತ್ತಿರವೆಂದರೆ ಧಾರವಾಡದ ವಾಲ್ಮಿ ಸಂಸ್ಥೆ, ಅದರ ವಿಷಯ ನೀರು ಮತ್ತು ನೆಲಕ್ಕೆ ಸೀಮಿತ. 2020ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ ಮಿಷನ್ ಕರ್ಮಯೋಗಿ ಸುಮಾರು 46 ಲಕ್ಷ ಕೇಂದ್ರ ನೌಕರರನ್ನು ಆನ್‌ಲೈನ್ ಕಲಿಕೆಯೊಳಗೆ ತರಲು ಹೊರಟಿದೆ, ಅದಕ್ಕೆ ಐದು ವರ್ಷಗಳಿಗೆ 510.86 ಕೋಟಿ ರೂಪಾಯಿ ಎತ್ತಿಟ್ಟರು. ಪ್ರತಿ ಇಲಾಖೆಯೂ ಸಂಬಳದ ಬಜೆಟ್ಟಿನ ಕನಿಷ್ಠ ಶೇ 2.5ರಷ್ಟನ್ನು ತರಬೇತಿಗೆ ತೆಗೆದಿಡಬೇಕೆಂದು 2012ರ ರಾಷ್ಟ್ರೀಯ ತರಬೇತಿ ನೀತಿಯೂ ಹೇಳುತ್ತದೆ.

ಇಷ್ಟೆಲ್ಲ ಇದ್ದೂ ಎಲ್ಲಿ ಎಡವುತ್ತದೆ? ಮೊದಲ ಎಡವಟ್ಟು ತರಗತಿಗೆ ಬರುವ ಮೊದಲೇ ಆಗಿರುತ್ತದೆ. ತರಬೇತಿಗೆ ಹೆಸರು ಕಳಿಸಿ ಎಂದು ಮೇಲಿನಿಂದ ಪತ್ರ ಬಂದಾಗ ಇಲಾಖೆ ಕೇಳಿಕೊಳ್ಳುವ ಪ್ರಶ್ನೆ "ಇದು ಯಾರಿಗೆ ಬೇಕು" ಎಂಬುದಲ್ಲ, "ಈಗ ಯಾರನ್ನು ಬಿಟ್ಟುಕೊಡಬಹುದು" ಎಂಬುದು. ಕೆಲಸದ ಭಾರ ಇರುವವರನ್ನು ರಿಲೀವ್ ಮಾಡುವುದಿಲ್ಲ. ಹುದ್ದೆಗಾಗಿ ಕಾಯುತ್ತಿರುವವರು, ನಿವೃತ್ತಿಗೆ ಹತ್ತಿರವಿದ್ದವರು ಬರುತ್ತಾರೆ. ಬಂದವರ ಪ್ರಭಾರವನ್ನೂ ಸರಿಯಾಗಿ ವಹಿಸಿಕೊಟ್ಟಿರುವುದಿಲ್ಲ. ಕಡತಗಳನ್ನು ಆನ್‌ಲೈನಿನಲ್ಲಿ ನಡೆಸುವ ಇ-ಆಫೀಸ್ ಬಂದ ಮೇಲೆ ಕಡತ ಬೆನ್ನು ಬಿಡುವುದಿಲ್ಲ, ತರಗತಿಯ ಹಿಂದಿನ ಸಾಲಿನಲ್ಲಿ ಕೂತೇ ಟಿಪ್ಪಣಿಗೆ ಒಪ್ಪಿಗೆ ಕೊಡಬೇಕಾಗುತ್ತದೆ. ಅದು ಅಧಿಕಾರಿಯ ತಪ್ಪೂ ಅಲ್ಲ, ಕಚೇರಿಯಲ್ಲಿ ಬೇರೆ ಯಾರಿಗೂ ಸಹಿ ಮಾಡುವ ಅಧಿಕಾರ ಕೊಟ್ಟಿರುವುದಿಲ್ಲ.

ಎರಡನೆಯ ಎಡವಟ್ಟು ಉಪನ್ಯಾಸದ್ದು. ಹದಿನೈದು ವರ್ಷ ಕಚೇರಿ ನಡೆಸಿದವರಿಗೆ ಒಂದೂವರೆ ಗಂಟೆ ಸ್ಲೈಡ್ ತೋರಿಸಿದರೆ ಹತ್ತು ನಿಮಿಷದಲ್ಲಿ ಮನಸ್ಸು ಊರಿಗೆ ಹೋಗಿರುತ್ತದೆ. ಮಧ್ಯಾಹ್ನ ಊಟವಾದ ಮೇಲಿನ ಉಪನ್ಯಾಸದ ಗತಿ ಹೇಳುವುದೇ ಬೇಡ. ತೊಂಬತ್ತು ನಿಮಿಷದ ಅವಧಿಯಲ್ಲಿ ಮಾತಿಗೆ 20 ನಿಮಿಷ, ಗುಂಪಿನ ಕೆಲಸಕ್ಕೆ 50, ಪರಸ್ಪರ ತಪ್ಪು ಹುಡುಕಲು 20 ಎಂದು ಹಂಚಿದರೆ ಮಾತ್ರ ಇಂಥವರು ಕಲಿಯುತ್ತಾರೆ. ಆದರೆ ಆ 50 ನಿಮಿಷದ ಕೆಲಸವನ್ನು ಸಿದ್ಧಪಡಿಸಲು ಬೋಧಕರಿಗೆ ಎರಡು ಮೂರು ದಿನ ಹಿಡಿಯುತ್ತದೆ. ಅತಿಥಿ ಉಪನ್ಯಾಸಕರಿಗೆ ಗಂಟೆಯ ಲೆಕ್ಕದಲ್ಲಿ ಗೌರವಧನ ಕೊಡುವಾಗ ಈ ಸಿದ್ಧತೆಯ ದಿನಗಳನ್ನು ಯಾರೂ ಎಣಿಸುವುದಿಲ್ಲ. ಹಾಗಾಗಿ ಹಳೆಯ ಸ್ಲೈಡುಗಳೇ ಮತ್ತೆ ಮತ್ತೆ ಬರುತ್ತವೆ.

ಮೂರನೆಯದು ಮೌಲ್ಯಮಾಪನ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಹಂತಗಳು ತರಬೇತಿ ಕ್ಷೇತ್ರದ ಎಲ್ಲರಿಗೂ ಬಾಯಿಪಾಠ: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಫಲ ಸಿಕ್ಕಿತೇ. ಕೊನೆಯ ದಿನ ತುಂಬಿಸಿಕೊಳ್ಳುವ ಫಾರ್ಮು ಮೊದಲ ಹಂತವನ್ನಷ್ಟೇ ಅಳೆಯುತ್ತದೆ. ಊಟ, ವಸತಿ ಚೆನ್ನಾಗಿದ್ದರೆ ಎಲ್ಲ ಕಾಲಮ್ಮಿನಲ್ಲೂ "ಅತ್ಯುತ್ತಮ" ಎಂದು ಬೀಳುತ್ತದೆ. ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರವೂ ಅಷ್ಟೇ. ಪಾಠ ಕೊನೆಯವರೆಗೆ ಓಡಿತು ಎಂಬುದಕ್ಕೆ ಅದು ಸಾಕ್ಷಿ, ಕೆಲಸ ಬರುತ್ತದೆ ಎಂಬುದಕ್ಕಲ್ಲ. ನಿಯಮ, ಕಾಯ್ದೆಯ ಕಲಮು, ಇ-ಆಫೀಸಿನ ಬಳಕೆ, ಇವನ್ನು ಆನ್‌ಲೈನಿನಲ್ಲೇ ಕಲಿಯಲಿ. ಎದುರು ಕೂತ ಮನುಷ್ಯನ ಜೊತೆ ಮಾತುಕತೆ ನಡೆಸುವುದನ್ನು, ಅರ್ಧ ಮಾಹಿತಿಯಲ್ಲಿ ನಿರ್ಧಾರ ಮಾಡುವುದನ್ನು ಪರದೆ ನೋಡಿ ಕಲಿಯಲು ಆಗುವುದಿಲ್ಲ.

ಇನ್ನು ಇಲ್ಲಿಯ ಪಾಠದ ವಿಷಯಕ್ಕೆ ಬರುತ್ತೇವೆ. ಮೊದಲನೆಯದು ಮುಳುಗಡೆ. ಆಲಮಟ್ಟಿ ಜಲಾಶಯದಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ, ಸಂಗ್ರಹ ಸುಮಾರು 123 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು 524.256 ಮೀಟರ್‌ಗೆ ಏರಿಸಲು ಒಪ್ಪಿತು. ಆ ತೀರ್ಪಿನ ಗೆಜೆಟ್ ಪ್ರಕಟಣೆ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿದೆ. ಆದರೂ ಭೂಸ್ವಾಧೀನದ ಕಡತಗಳು ನಡೆಯುತ್ತಲೇ ಇವೆ. ಬಾಗಲಕೋಟೆಯ ನವನಗರ ಹುಟ್ಟಿದ್ದೇ ಮುಳುಗಡೆಯಿಂದ. ಅಲ್ಲಿಯ ಜನ ಭೂಸ್ವಾಧೀನ ಕಾಯ್ದೆಯ ಕಲಮುಗಳನ್ನು ವಕೀಲರಷ್ಟೇ ಸಲೀಸಾಗಿ ಹೇಳುತ್ತಾರೆ. ಅವರ ಎದುರು ಕೂರುವ ಅಧಿಕಾರಿಗೂ ಅಷ್ಟು ಗೊತ್ತಿರಬೇಕು.

2013ರ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂದದ್ದು 2014ರ ಜನವರಿ 1ರಿಂದ. ಕಲಂ 11ರ ಪ್ರಾಥಮಿಕ ಅಧಿಸೂಚನೆಯಾದ 12 ತಿಂಗಳೊಳಗೆ ಕಲಂ 19ರ ಘೋಷಣೆ ಆಗಬೇಕು, ಘೋಷಣೆಯಾದ 12 ತಿಂಗಳೊಳಗೆ ಐತೀರ್ಪು, ಅಂದರೆ ಪರಿಹಾರ ನಿಗದಿ ಮಾಡುವ ಆದೇಶ, ಹೊರಬೀಳಬೇಕು. ಸರ್ಕಾರ ಅವಧಿ ವಿಸ್ತರಿಸದಿದ್ದರೆ ಮಾಡಿದ್ದೆಲ್ಲ ರದ್ದಾಗುತ್ತದೆ. ಐತೀರ್ಪಾದ 3 ತಿಂಗಳಲ್ಲಿ ಪರಿಹಾರ, 6 ತಿಂಗಳಲ್ಲಿ ಪುನರ್ವಸತಿಯ ಹಣ. ಇದು ಕಾಗದದ ಮೇಲೆ ಸರಳವಾಗಿ ಕಾಣುತ್ತದೆ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದರೆ ಪಹಣಿಯಲ್ಲಿ. ಖಾತೆದಾರರು ತೀರಿಕೊಂಡು ಇಪ್ಪತ್ತು ವರ್ಷವಾದರೂ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರುವುದಿಲ್ಲ, ಅಧಿಸೂಚನೆಯಲ್ಲಿ ಸತ್ತವರ ಹೆಸರೇ ಅಚ್ಚಾಗುತ್ತದೆ. ಬೋರ್‌ವೆಲ್ ಕೊರೆಸಿ ನೀರಾವರಿ ಮಾಡಿಕೊಂಡ ಹೊಲ ಪಹಣಿಯಲ್ಲಿ ಇನ್ನೂ ಒಣಬೇಸಾಯ. ಜಂಟಿ ಅಳತೆಯ ದಿನ ತೋಟಗಾರಿಕೆಯವರು ಬಂದರೆ ಅರಣ್ಯ ಇಲಾಖೆಯವರು ಬರುವುದಿಲ್ಲ, ಮರಗಳ ಲೆಕ್ಕ ಉಳಿದುಬಿಡುತ್ತದೆ. 12 ತಿಂಗಳ ಗಡುವಿನಲ್ಲಿ ಎಂಟು ತಿಂಗಳು ಹೀಗೆಯೇ ಹೋಗುತ್ತವೆ.

ಲೆಕ್ಕದಲ್ಲೂ ತಪ್ಪುವುದುಂಟು. ಮಾರುಕಟ್ಟೆ ಬೆಲೆ ಕಟ್ಟುವಾಗ ಹಿಂದಿನ 3 ವರ್ಷಗಳ ಮಾರಾಟ ಪತ್ರಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆಯುವಂತಿಲ್ಲ. ಅವುಗಳಲ್ಲಿ ಹೆಚ್ಚು ಬೆಲೆ ತೋರಿಸಿದ ಅರ್ಧದಷ್ಟರ ಸರಾಸರಿ ತೆಗೆದು, ಮುದ್ರಾಂಕದ ಮಾರ್ಗಸೂಚಿ ದರದ ಜೊತೆ ಹೋಲಿಸಿ, ಯಾವುದು ಹೆಚ್ಚೋ ಅದನ್ನು ಹಿಡಿಯಬೇಕು. ಒಂದು ಎಕರೆಯ ಬೆಲೆ 10 ಲಕ್ಷ, ಆ ಬೆಲೆಯನ್ನು ಗುಣಿಸಬೇಕಾದ ಗುಣಕ 1.5, ಮರ ಹಾಗೂ ಪೈಪ್‌ಲೈನಿನ ಬೆಲೆ 1 ಲಕ್ಷ ಎಂದಿಟ್ಟುಕೊಳ್ಳಿ. 15 ಲಕ್ಷಕ್ಕೆ 1 ಲಕ್ಷ ಸೇರಿಸಿ 16, ಅದಕ್ಕೆ ಶೇ 100ರ ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಪರಿಹಾರ) ಹಾಕಿದರೆ 32. ಮೊದಲು ಸೊಲೇಷಿಯಂ ಹಾಕಿ ಆಮೇಲೆ ಮರದ ಬೆಲೆ ಕೂಡಿಸಿದರೆ 31 ಆಗುತ್ತದೆ, ರೈತನಿಗೆ ಒಂದು ಲಕ್ಷ ನಷ್ಟ. ಇದರ ಮೇಲೆ ಮೂಲ 10 ಲಕ್ಷಕ್ಕೆ ವರ್ಷಕ್ಕೆ ಶೇ 12. ಎರಡು ವರ್ಷ ತಡವಾದರೆ 2.4 ಲಕ್ಷ. ಆ ಹೊರೆ ಖಜಾನೆಗೆ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ ಪರಿಹಾರ ಹೆಚ್ಚಾದರೆ, ಹೆಚ್ಚಾದ ಮೊತ್ತಕ್ಕೆ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. ಈ ಅಂಕಿಗಳನ್ನು ಗುಂಪಿನಲ್ಲಿ ಕೂತು ಒಮ್ಮೆ ಕೈಯಾರೆ ಮಾಡಿದ ಅಧಿಕಾರಿ ಭೂಸ್ವಾಧೀನದ ಕಡತವನ್ನು ಮೇಜಿನ ಮೇಲೆ ಆರು ತಿಂಗಳು ಇಟ್ಟುಕೊಳ್ಳುವುದಿಲ್ಲ. ರಾಜ್ಯದ 2019ರ ತಿದ್ದುಪಡಿ ಒಪ್ಪಂದದ ಐತೀರ್ಪಿಗೂ ದಾರಿ ತೆರೆದಿದೆ. ಒಪ್ಪಂದವೆಂದರೆ ಮಾತುಕತೆ, ಮಾತುಕತೆಯ ಕಸುಬನ್ನು ನಮ್ಮ ಭೂಸ್ವಾಧೀನಾಧಿಕಾರಿಗಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಆ ಕಸುಬು ಇರುವುದು ರಾಜತಾಂತ್ರಿಕರ ಹತ್ತಿರ. ಎರಡು ಸೇವೆಗಳನ್ನು ಒಂದೇ ತಂಡದಲ್ಲಿ ಕೂಡಿಸಿ ಎಂದು ಕೇಳಲು ಮುಖ್ಯ ಕಾರಣ ಇದೇ.

ಹೊಳೆಯ ಉದಾಹರಣೆ ನೋಡಿ. ಮಳೆಗಾಲದಲ್ಲಿ ಕೊಯ್ನಾದಿಂದ ಬಿಟ್ಟ ನೀರು, ರಾಜಾಪುರ ಬ್ಯಾರೇಜಿನ ಹರಿವು, ದೂಧಗಂಗೆಯ ನೀರು ಎಲ್ಲ ಸೇರಿ ಕಲ್ಲೋಳ ದಾಟಿ, ಹಿಪ್ಪರಗಿ ಹಾದು ಆಲಮಟ್ಟಿಗೆ ಬರುತ್ತದೆ. ಸಾಂಗಲಿಯ ಇರ್ವಿನ್ ಸೇತುವೆಯಲ್ಲಿ ಲೆಕ್ಕ ಅಡಿಗಳಲ್ಲಿ: 40 ಅಡಿ ಎಚ್ಚರಿಕೆ, 45 ಅಡಿ ಅಪಾಯ. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ 39 ಮತ್ತು 43. ನಮ್ಮ ಕಡೆ ಹರಿವಿನ ಲೆಕ್ಕ ಕ್ಯೂಸೆಕ್ಕಿನಲ್ಲಿ (ಸೆಕೆಂಡಿಗೆ ಹರಿಯುವ ಘನ ಅಡಿ), ಜಲಾಶಯದ ಲೆಕ್ಕ ಟಿಎಂಸಿಯಲ್ಲಿ, ಮಟ್ಟದ ಲೆಕ್ಕ ಮೀಟರಿನಲ್ಲಿ. ರಾತ್ರಿ ಹನ್ನೊಂದಕ್ಕೆ ಆ ಕಡೆಯ ಅಧಿಕಾರಿ ಮರಾಠಿಯಲ್ಲಿ ಅಡಿ ಹೇಳುತ್ತಾರೆ, ಈ ಕಡೆಯವರು ಕ್ಯೂಸೆಕ್ ಕೇಳುತ್ತಾರೆ. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಎಂಬ ಒಂದೇ ಸಂಖ್ಯೆ ತಲೆಯಲ್ಲಿದ್ದರೆ ಎಷ್ಟೋ ಗೊಂದಲ ತಪ್ಪುತ್ತದೆ. ಜಲಾಶಯದಲ್ಲಿ 28 ಟಿಎಂಸಿ ಜಾಗವಿದೆ, ಒಳಹರಿವು 3.5 ಲಕ್ಷ, ಹೊರಹರಿವು 2.5 ಲಕ್ಷ ಎನ್ನಿ. ತುಂಬಲು ಮೂರು ದಿನದ ಮೇಲೆ ಆರು ಗಂಟೆ ಬೇಕು. ಒಳಹರಿವು 4.5 ಲಕ್ಷಕ್ಕೆ ಏರಿದರೆ 39 ಗಂಟೆ ಮಾತ್ರ. ಆ 39 ಗಂಟೆಯಲ್ಲಿ ಎಷ್ಟು ಗೇಟು ಯಾವಾಗ ತೆರೆಯಬೇಕು, ಹೊಳೆಸಾಲಿನ ಯಾವ ಊರಿಗೆ ಮೊದಲು ಹೇಳಬೇಕು, ಜಾನುವಾರುಗಳನ್ನು ಎಲ್ಲಿ ಕಟ್ಟಬೇಕು ಎಂಬುದನ್ನು ತರಗತಿಯಲ್ಲೇ ಗಡಿಯಾರ ಇಟ್ಟು ಆಡಿಸಬಹುದು. 2019ರ ಆಗಸ್ಟಿನ ಪ್ರವಾಹ ಕಂಡ ಜಿಲ್ಲೆಗಳಿಗೆ ಇದು ಬರಿಯ ಆಟವಲ್ಲ.

ಇಲ್ಲಿ ರಾಜತಾಂತ್ರಿಕರಿಂದ ಕಲಿಯುವುದೇನು? ಫೋನು ಎತ್ತುವ ಮೊದಲು ಒಂದು ಪುಟದ ಟಿಪ್ಪಣಿ: ನಾವು ಕೇಳುವುದೇನು, ಕೊಡಬಹುದಾದದ್ದೇನು, ಕೊಡಲಾಗದ್ದೇನು, ಒಪ್ಪಲು ನನಗೆ ಅಧಿಕಾರ ಎಷ್ಟರವರೆಗೆ ಇದೆ. ಮಾತು ಮುಗಿದ ದಿನವೇ ಏನು ಮಾತಾಯಿತೆಂದು ಬರೆದು ಎದುರಿನವರಿಗೆ ಕಳಿಸಿ, ಅವರಿಂದ ಸರಿ ಎನ್ನಿಸಿಕೊಳ್ಳುವುದು. ಫೋನಿನಲ್ಲಿ "ಆಯ್ತು ಸರ್" ಎಂದದ್ದು ಒಪ್ಪಂದವಾಗುವುದಿಲ್ಲ. ನಮ್ಮ ಎಷ್ಟೋ ಅಂತರರಾಜ್ಯ ಸಭೆಗಳ ನಡಾವಳಿ ತಿಂಗಳು ಕಳೆದು ಬರುತ್ತದೆ, ಬಂದಾಗ ಎರಡೂ ಕಡೆಯವರ ನೆನಪು ಬೇರೆ ಬೇರೆಯಾಗಿರುತ್ತದೆ. ಬಾಂಗ್ಲಾದೇಶದೊಂದಿಗೆ ಆದ 1996ರ ಗಂಗಾ ಒಪ್ಪಂದದಲ್ಲಿ ಜನವರಿಯಿಂದ ಮೇ ತಿಂಗಳವರೆಗೆ ಫರಕ್ಕಾದ ನೀರನ್ನು ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಹಂಚುತ್ತಾರೆ, ಎರಡೂ ದೇಶದವರು ಕೂಡಿಯೇ ಅಳೆಯುತ್ತಾರೆ. ಎರಡು ದೇಶಗಳು ಕೂಡಿ ಅಳೆಯಬಹುದಾದರೆ ರಾಜಾಪುರದಲ್ಲೂ ಕಲ್ಲೋಳದಲ್ಲೂ ಎರಡು ರಾಜ್ಯಗಳು ಕೂಡಿ ಅಳೆಯುವುದಕ್ಕೆ ಅಡ್ಡಿಯೇನು? ಈ ಪ್ರಶ್ನೆಯನ್ನು ಚಿಕ್ಕೋಡಿಯ ಉಪವಿಭಾಗಾಧಿಕಾರಿಯೂ ಢಾಕಾದಲ್ಲಿ ಕೆಲಸ ಮಾಡಿದ ರಾಜತಾಂತ್ರಿಕರೂ ಒಂದೇ ಮೇಜಿನಲ್ಲಿ ಕೂತು ಚರ್ಚಿಸಬೇಕು. ಮಹದಾಯಿ ಕಡತವೂ ಅದೇ ಮೇಜಿಗೆ ಬರಲಿ. 2018ರ ಆಗಸ್ಟ್ 14ರ ನ್ಯಾಯಮಂಡಳಿ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, ಅದರಲ್ಲಿ ಕಳಸಾ ಬಂಡೂರಿಗೆ 3.9. ತೀರ್ಪು ಬಂದ ಮೇಲೂ ಅರಣ್ಯ, ವನ್ಯಜೀವಿ ಅನುಮತಿಗಳ ದಾರಿ ಎಷ್ಟು ಉದ್ದವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಜಿಲ್ಲೆಯಿಂದ ರಾಜತಾಂತ್ರಿಕರು ಕಲಿಯುವುದೂ ಕಡಿಮೆಯಿಲ್ಲ. ವಿದೇಶಾಂಗ ಸಚಿವಾಲಯದಲ್ಲಿ ರಾಜ್ಯಗಳಿಗೆಂದೇ 2014ರಲ್ಲಿ ಒಂದು ವಿಭಾಗ ತೆರೆದರು. ಆದರೂ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗದಲ್ಲಿ ಕೂರುವವರಿಗೆ ತಿಕೋಟಾದ ದ್ರಾಕ್ಷಿ ತೋಟ ದೂರವೇ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಮಿತಿ ಮೀರಿ ಸಿಕ್ಕಿ ಸರಕು ನಿಂತಿತು. ಬೆಳೆಗಾರರು ಅದನ್ನು ಕದ್ದುಮುಚ್ಚಿ ಹೊಡೆದದ್ದಲ್ಲ, ಬಳ್ಳಿಯ ಬೆಳವಣಿಗೆ ಹಿಡಿದಿಡಲು ರೂಢಿಯಲ್ಲಿದ್ದ ಔಷಧಿ ಅದು. ಇಲ್ಲಿ ಮಾಡುತ್ತಿದ್ದ ಪರೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಆಮದು ಮಾಡುವ ದೇಶದ ನಿಯಮ, ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಅಪೆಡಾದ ಗ್ರೇಪ್‌ನೆಟ್‌ನಲ್ಲಿ ತೋಟದ ನೋಂದಣಿ, ಪ್ರಯೋಗಾಲಯದ ಪಟ್ಟಿ, ತಾಲ್ಲೂಕಿನ ತೋಟಗಾರಿಕೆ ಅಧಿಕಾರಿಯ ಸಲಹೆ, ಔಷಧಿ ಅಂಗಡಿಯವನ ಮಾತು, ಈ ಐದೂ ಕೊಂಡಿಗಳು ಒಂದೇ ಸರಪಳಿ. ನಿರ್ದಿಷ್ಟ ಮಿತಿ ಹೇಳದ ಔಷಧಿಗೆ ಯುರೋಪಿನ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಈ ಸಂಖ್ಯೆ ಬದಲಾಗುವ ಸುದ್ದಿ ರಾಯಭಾರ ಕಚೇರಿಗೆ ಮೊದಲು ತಿಳಿಯುತ್ತದೆ. ಅಕ್ಟೋಬರಿನಲ್ಲಿ ಚಾಟನಿ (ಬಳ್ಳಿ ಸವರುವುದು) ಮಾಡುವ ಮೊದಲೇ ಅದು ವಿಜಯಪುರದ ತೋಟಕ್ಕೆ ಮುಟ್ಟಬೇಕು, ಫೆಬ್ರವರಿಯಲ್ಲಿ ಕೊಯ್ಲಿಗೆ ಬಂದಾಗ ಮುಟ್ಟಿದರೆ ಪ್ರಯೋಜನವಿಲ್ಲ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಅರ್ಧ ದಿನ ನಿಂತು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸುವುದನ್ನು ನೋಡಿದ ರಾಜತಾಂತ್ರಿಕರಿಗೆ ಮುಂದಿನ ಆಮದು ಮಾತುಕತೆಯಲ್ಲಿ ಯಾವ ಷರತ್ತಿಗೆ ಒಪ್ಪಬಹುದು, ಯಾವುದಕ್ಕೆ ಸಮಯ ಕೇಳಬೇಕು ಎಂಬುದು ಕಣ್ಣಿಗೆ ಕಟ್ಟಿರುತ್ತದೆ.

ಕಬ್ಬಿನ ಬಾಕಿಯೂ ಒಂದು ದಿನದ ಪಾಠ. ಕಬ್ಬು ಪೂರೈಸಿದ 14 ದಿನದೊಳಗೆ ಹಣ, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಅದನ್ನು ಯಾವಾಗ ಬಳಸಬೇಕು, ಬಳಸಿದರೆ ಕಾರ್ಖಾನೆ ನಿಂತು ಉಳಿದ ರೈತರ ಕಬ್ಬು ಹೊಲದಲ್ಲೇ ಒಣಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಕಷ್ಟದ ಪ್ರಶ್ನೆ.

ನಡೆಸುವ ಕ್ರಮ ಹೀಗಿರಲಿ. ತಂಡಕ್ಕೆ 30 ಜನ ಸಾಕು, ಐದೈದು ಜನರ ಆರು ಗುಂಪು. ಪ್ರತಿ ಗುಂಪಿನಲ್ಲೂ ಒಬ್ಬರು ಜಿಲ್ಲಾಡಳಿತದವರು, ಒಬ್ಬರು ನೀರಾವರಿ ಅಥವಾ ಪುನರ್ವಸತಿಯವರು, ಒಬ್ಬರು ಪೊಲೀಸ್, ಒಬ್ಬರು ಕೇಂದ್ರ ಸೇವೆಯವರು, ಒಬ್ಬರು ರಾಜತಾಂತ್ರಿಕರು. ಜಿಲ್ಲಾಡಳಿತ, ಪುನರ್ವಸತಿಯವರ ಜಾಗಗಳಲ್ಲಿ ಅರ್ಧದಷ್ಟಾದರೂ ಕೆ.ಎ.ಎಸ್. ಹಿರಿಯರಿಗೆ ಇರಲೇಬೇಕು, ಜಿಲ್ಲೆಯ ಕಡತ ಹೆಚ್ಚು ಕಾಲ ಇರುವುದು ಅವರ ಕೈಯಲ್ಲೇ. ಮಹಾರಾಷ್ಟ್ರದ ಇಬ್ಬರನ್ನು ಕರೆದರೆ ಇನ್ನೂ ಒಳ್ಳೆಯದು.

ಬರುವ ಮೂರು ವಾರ ಮೊದಲು ಪ್ರತಿಯೊಬ್ಬರೂ ತಮ್ಮ ಮೇಜಿನಲ್ಲಿ ಸಿಕ್ಕಿಕೊಂಡಿರುವ ಒಂದು ಕಡತದ ಬಗ್ಗೆ ಎರಡು ಪುಟ ಬರೆದು ಕಳಿಸಬೇಕು: ಎಂದಿನಿಂದ ನಿಂತಿದೆ, ಯಾರ ಹತ್ತಿರ ನಿಂತಿದೆ, ಏನು ಸಿಕ್ಕರೆ ಮುಂದೆ ಹೋಗುತ್ತದೆ. ಎರಡು ಪುಟ ಬರೆಯದವರಿಗೆ ಪ್ರವೇಶವಿಲ್ಲ. ಅದೇ ಅವರ ನಾಲ್ಕು ವಾರದ ಕೆಲಸ. ಪ್ರಭಾರ ವಹಿಸಿಕೊಟ್ಟ ಆದೇಶದ ಪ್ರತಿ, ಇ-ಆಫೀಸ್ ಅಧಿಕಾರ ವರ್ಗಾಯಿಸಿದ ದಾಖಲೆ ಎರಡೂ ಮೊದಲ ದಿನವೇ ಕೈಗೆ ಬರಬೇಕು. ಫೋನಿಗೆ ಬೆಳಿಗ್ಗೆ 11ಕ್ಕೆ ಅರ್ಧ ಗಂಟೆ, ಸಂಜೆ 4.30ಕ್ಕೆ ಅರ್ಧ ಗಂಟೆ.

ಮೊದಲ ವಾರ ಸುವರ್ಣ ವಿಧಾನಸೌಧದ ಸಭಾಂಗಣಗಳಲ್ಲಿ ಲೆಕ್ಕ ಮತ್ತು ಕಾಯ್ದೆ. ಎರಡನೆಯ ವಾರ ಊರು. ಕ್ಷೇತ್ರ ಭೇಟಿ ಕೆಡುವುದು ಸ್ವಾಗತದಿಂದ. ಮೂವತ್ತು ಜನ ಬಸ್ಸಿನಲ್ಲಿ ಬರುತ್ತಾರೆಂದರೆ ಜಿಲ್ಲಾಡಳಿತ ವಾರಗಟ್ಟಲೆ ಶಾಮಿಯಾನ, ಶಾಲು, ಊಟದ ಚಿಂತೆಯಲ್ಲಿ ಮುಳುಗುತ್ತದೆ, ಬಂದವರಿಗೆ ಸುಣ್ಣ ಹೊಡೆದ ಗೋಡೆಗಳೇ ಕಾಣುತ್ತವೆ. ಐವರಿಗೆ ಒಂದು ಗಾಡಿ, ಜೊತೆಗೆ ಗ್ರಾಮ ಆಡಳಿತಾಧಿಕಾರಿ ಒಬ್ಬರು ಸಾಕು. ಒಂದು ಪುನರ್ವಸತಿ ಕೇಂದ್ರದಲ್ಲಿ ಮೂರು ತಾಸು ಕೂತು, ಮೂರು ಮನೆಗಳ ಪಹಣಿ, ಹಕ್ಕುಪತ್ರ, ಬ್ಯಾಂಕ್ ಪಾಸ್‌ಬುಕ್ ಓದಿ, ಐತೀರ್ಪಿನ ಮೊತ್ತ ಹೇಗೆ ಖರ್ಚಾಯಿತೆಂದು ಆ ಮನೆಯವರ ಬಾಯಲ್ಲೇ ಕೇಳಬೇಕು. ಆ ಮಾತು ಕನ್ನಡದಲ್ಲಿ ನಡೆಯಬೇಕು, ಗಡಿಯ ಹಳ್ಳಿಗಳಲ್ಲಿ ಮರಾಠಿಯಲ್ಲೂ ನಡೆಯಲಿ. ಬೇರೆ ರಾಜ್ಯದಿಂದ ಬಂದವರಿಗೆ ದುಭಾಷಿಗಳನ್ನು ಕೊಡಿ, ಆದರೆ ಹಕ್ಕುಪತ್ರದ ಕನ್ನಡವನ್ನು ತಾವೇ ಕೂತು ಓದುವ ಕಷ್ಟ ಅವರಿಗೂ ಇರಲಿ. ತನ್ನ ಜಮೀನಿನ ನೋಟಿಸಿನ ಭಾಷೆ ರೈತನಿಗೆ ಎಷ್ಟು ಬಿಗಿಯಾಗಿ ಕಾಣುತ್ತದೆ ಎಂಬುದು ಆಗಲೇ ತಿಳಿಯುವುದು.

ಮೂರನೆಯ ವಾರ ಪೂರ್ತಿ ಮಾತುಕತೆಯ ಅಭ್ಯಾಸ. ಎರಡು ಗುಂಪು ಎರಡು ರಾಜ್ಯಗಳಾಗಿ, ಇನ್ನೆರಡು ಬೆಳೆಗಾರರು ಮತ್ತು ಆಮದುದಾರರಾಗಿ ಕೂರುತ್ತವೆ, ಉಳಿದವರು ನೋಡಿ ಗುರುತು ಹಾಕಿಕೊಳ್ಳುತ್ತಾರೆ. ಹಿರಿಯ ಅಧಿಕಾರಿಗಳು ಇಂಥ ಅಭ್ಯಾಸಕ್ಕೆ ಮೊದಲು ಹಿಂಜರಿಯುತ್ತಾರೆ, ಕಿರಿಯರ ಎದುರು ಸೋಲುವ ಅಂಜಿಕೆ ಸಹಜ. ಅದಕ್ಕೇ ಒಂದೇ ಇಲಾಖೆಯ ಮೇಲಧಿಕಾರಿ ಮತ್ತು ಕೈಕೆಳಗಿನವರನ್ನು ಒಂದೇ ತಂಡಕ್ಕೆ ಹಾಕಬಾರದು. ಅಂಕ ಕೊಡಬಾರದು, ವಿಡಿಯೊ ಚಿತ್ರೀಕರಿಸಿ ಅವರವರಿಗೇ ತೋರಿಸಿ ಅಳಿಸಬೇಕು. ನಾಲ್ಕನೆಯ ವಾರ ತಮ್ಮ ಕಡತಕ್ಕೆ ಮರಳಿ, ಸಹಿಗೆ ಸಿದ್ಧವಾದ ಟಿಪ್ಪಣಿಯನ್ನೇ ಬರೆಯಬೇಕು. ನೂರು ಪುಟದ ಪ್ರಬಂಧ ಬೇಡ, ನಾಲ್ಕು ಪುಟ ಸಾಕು. ಬೆಳಗಾವಿಯ ಪ್ರಾದೇಶಿಕ ಆಯುಕ್ತರ ಕೈಕೆಳಗೆ ಏಳು ಜಿಲ್ಲೆಗಳಿವೆ, ಆ ಟಿಪ್ಪಣಿಗಳನ್ನು ಕೇಳಿ ಒರೆಗೆ ಹಚ್ಚಲು ಅವರಿಗಿಂತ ಸರಿಯಾದವರು ಯಾರು?

ಕಾಲವನ್ನೂ ಲೆಕ್ಕ ಹಾಕಿಯೇ ಹೇಳುತ್ತಿದ್ದೇವೆ. ಮಾರ್ಚ್ ಲೆಕ್ಕ ಮುಗಿಸುವ ತಿಂಗಳು. ಮೇ, ಜೂನ್ ವರ್ಗಾವಣೆಯ ಕಾಲ. ಜುಲೈ, ಆಗಸ್ಟಿನಲ್ಲಿ ಹೊಳೆ ಬಿಡುವುದಿಲ್ಲ. ಡಿಸೆಂಬರ್ ಅಧಿವೇಶನದ್ದು. ಉಳಿದ ತಿಂಗಳುಗಳಲ್ಲಿ ನಮ್ಮ ಪಾಠಕ್ಕೆ ಹೊಂದುವುದು ಜನವರಿ ಮತ್ತು ಸೆಪ್ಟೆಂಬರ್. ಜನವರಿಯ ತಂಡಕ್ಕೆ ಕೊಯ್ಲಿಗೆ ಬರುತ್ತಿರುವ ದ್ರಾಕ್ಷಿ, ಕಬ್ಬು ನುರಿಸುವುದು ಕಾಣಸಿಗುತ್ತದೆ. ಸೆಪ್ಟೆಂಬರಿನ ತಂಡ ತುಂಬಿದ ಆಲಮಟ್ಟಿಯನ್ನೂ ಅದರ ಹಿನ್ನೀರು ಎಲ್ಲಿಯವರೆಗೆ ನಿಂತಿದೆ ಎಂಬುದನ್ನೂ ಕಣ್ಣಾರೆ ನೋಡಬಹುದು.

ಹೊಸ ಕಟ್ಟಡ ಬೇಡವೇ ಬೇಡ. ಸಭಾಂಗಣ, ಆಸನ, ಧ್ವನಿವ್ಯವಸ್ಥೆ ಎಲ್ಲ ಇದೆ. ಕೊರತೆ ವಸತಿಯದು. ಅಧಿವೇಶನದ ವೇಳೆ ಶಾಸಕರನ್ನೇ ಹೋಟೆಲುಗಳಲ್ಲಿ ಇಳಿಸುವ ಸ್ಥಿತಿ ಇದೆ. 30 ಜನರಿಗಾದರೆ ನಗರದ ಸರ್ಕಾರಿ ಅತಿಥಿಗೃಹಗಳು, ವಿಶ್ವವಿದ್ಯಾಲಯಗಳ ಅತಿಥಿಗೃಹಗಳು ಸೇರಿ ಸಾಕಾಗಬಹುದು, ಆದರೆ ಎಲ್ಲರೂ ಒಂದೇ ಕಡೆ ಇರಬೇಕು. ಊಟವಾದ ಮೇಲೆ ರಾತ್ರಿ ಜಗುಲಿಯಲ್ಲಿ ನಡೆಯುವ ಮಾತಿನಲ್ಲೇ ಅರ್ಧ ಕಲಿಕೆ ಆಗುತ್ತದೆ. ಕಾಯಂ ಬೋಧಕರು ನಾಲ್ವರಾದರೂ ಬೇಕು. ಮೈಸೂರಿನ ಸಂಸ್ಥೆಯಿಂದ ಒಬ್ಬರು, ವಾಲ್ಮಿಯಿಂದ ಒಬ್ಬರು, ಭೂಸ್ವಾಧೀನದಲ್ಲಿ ಪಳಗಿದ ನಿವೃತ್ತ ಅಧಿಕಾರಿ ಒಬ್ಬರು, ವಿದೇಶಾಂಗ ಸೇವೆಯಿಂದ ನಿಯೋಜನೆಯ ಮೇಲೆ ಒಬ್ಬರು. ಬೋಧಕರ ಹುದ್ದೆಗೆ ಹಾಕುವುದು ಶಿಕ್ಷೆಯೆಂಬ ಭಾವನೆ ನಮ್ಮ ಇಲಾಖೆಗಳಲ್ಲಿ ಬೇರೂರಿದೆ. ಸಂಬಳದ ಮೇಲೆ ವಿಶೇಷ ಭತ್ಯೆ, ಮೂರು ವರ್ಷ ಮುಗಿಸಿದವರಿಗೆ ಬಯಸಿದ ಜಾಗ ಕೊಡುವ ಭರವಸೆ ಇದ್ದರೆ ಒಳ್ಳೆಯವರು ತಾವಾಗಿ ಬರುತ್ತಾರೆ.

ಎಲ್ಲಕ್ಕಿಂತ ದೊಡ್ಡ ರಂಧ್ರ ವರ್ಗಾವಣೆಯದು. ಭೂಸ್ವಾಧೀನ ಕಲಿತು ಬಂದವರನ್ನು ಮರುತಿಂಗಳು ಕ್ರೀಡಾ ಇಲಾಖೆಗೆ ಹಾಕಿದರೆ ನಾಲ್ಕು ವಾರವೂ ವ್ಯರ್ಥ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಕನಿಷ್ಠ ಅವಧಿ ನಿಗದಿ ಮಾಡಲು ಹೇಳಿತು, 2014ರಲ್ಲಿ ಐ.ಎ.ಎಸ್. ಕೇಡರ್ ನಿಯಮಕ್ಕೆ ಕನಿಷ್ಠ ಎರಡು ವರ್ಷ ಎಂಬ ಅವಧಿಯೂ ಬಂತು. ತರಬೇತಿ ಪಡೆದವರ ಮಟ್ಟಿಗಾದರೂ ಅದನ್ನು ಚಾಚೂ ತಪ್ಪದೆ ಪಾಲಿಸಲಿ. ಆರು ತಿಂಗಳ ನಂತರ, 180ನೇ ದಿನ, ಪ್ರತಿಯೊಬ್ಬರೂ ತಮ್ಮ ಕಡತ ಎಲ್ಲಿಗೆ ಮುಟ್ಟಿತೆಂದು ಒಂದು ಪುಟ ಬರೆದು ಕಳಿಸಬೇಕು. ಮೂವತ್ತರಲ್ಲಿ ಎಷ್ಟು ಕಡತ ಮುಗಿದವು, ಎಷ್ಟು ನಿಂತವು, ಏಕೆ ನಿಂತವು ಎಂಬುದನ್ನು ಹೆಸರಿಲ್ಲದೆ ಪ್ರಕಟಿಸಬೇಕು. ಮುಂದಿನ ತಂಡದ ಪಾಠ ಆ ಪಟ್ಟಿಯಿಂದಲೇ ತಯಾರಾಗುತ್ತದೆ.

ಮಸ್ಸೂರಿಯ ಅಕಾಡೆಮಿಗೂ ಆಲಮಟ್ಟಿಯ ಜಲಾಶಯಕ್ಕೂ ಶಾಸ್ತ್ರೀಜಿಯವರ ಹೆಸರೇ ಇದೆ. ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಹಾಕಿದವರೂ ಅವರೇ. ಅಲ್ಲಿ ಕಲಿತವರು ಇಲ್ಲಿಗೂ ಬಂದು ಕಲಿಯಲಿ ಎಂದು ಈ ಮೂರು ಜಿಲ್ಲೆಗಳ ಜನಪ್ರತಿನಿಧಿಗಳು ಮುಂದಿನ ಅಧಿವೇಶನದಲ್ಲಿ ಕೇಳಬೇಕು. ಇದಕ್ಕೆ ಹೊಸ ಕಾನೂನೇನೂ ಬೇಡ. ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಯ ಒಂದು ಆದೇಶ, ವಿದೇಶಾಂಗ ಸಚಿವಾಲಯಕ್ಕೆ ಆರು ಜನರನ್ನು ಕೋರಿ ಒಂದು ಪತ್ರ, ಜನವರಿಯ ನಾಲ್ಕು ವಾರಕ್ಕೆ ಎರಡು ಸಭಾಂಗಣ ಕಾಯ್ದಿರಿಸಲು ವಿಧಾನಸಭೆಯ ಸಚಿವಾಲಯದ ಒಪ್ಪಿಗೆ. ಮೊದಲ ತಂಡಕ್ಕೆ ಇಷ್ಟು ಸಾಕು.

ಇಂತಿ,
ಆಡಳಿತ ತರಬೇತಿಯಲ್ಲಿ ತೊಡಗಿರುವ ಕೆಲವರು
ಬೆಳಗಾವಿ